ಸೈಕಲ್ ಚಡ್ಡಿ ಆರಿಸುವುದು, ಸೀಟಿನ ಕುರು ತಡೆಯುವುದು: ಬಿಸಿಲುನಾಡಿನ ಸವಾರರಿಗೆ

ಪ್ಯಾಡ್ ಇರುವ ಸೈಕಲ್ ಚಡ್ಡಿ ಕೊಳ್ಳಲು ಹೋದವರು ಮೊದಲು ಮಾಡುವ ಕೆಲಸ ಹೆಬ್ಬೆರಳಿನಿಂದ ಪ್ಯಾಡ್ ಒತ್ತಿ ನೋಡುವುದು. ಮೆತ್ತಗಿದ್ದಷ್ಟೂ ಒಳ್ಳೆಯದು ಎಂದು ಲೆಕ್ಕ. ಆದರೆ ಹೆಬ್ಬೆರಳಿಗೆ ಮೆತ್ತಗೆ ಸಿಗುವ ಫೋಮ್ ಮೈಭಾರ ಬಿದ್ದ ಸ್ವಲ್ಪ ಹೊತ್ತಿಗೇ ಚಪ್ಪಟೆಯಾಗುತ್ತದೆ. ಅಲ್ಲಿಂದ ಮುಂದೆ ಅದು ಬೆವರು ಹಿಡಿದಿಟ್ಟುಕೊಳ್ಳುವ ಸ್ಪಂಜು ಮಾತ್ರ. ಪ್ಯಾಡಿಗೆ ಮೂರು ಕೆಲಸ ಇವೆ: ಸೀಟಿಗೂ ಚರ್ಮಕ್ಕೂ ನಡುವಿನ ಉಜ್ಜಾಟವನ್ನು ತಾನು ತೆಗೆದುಕೊಳ್ಳುವುದು, ಬೆವರನ್ನು ಚರ್ಮದಿಂದ ಆಚೆಗೆ ಎಳೆಯುವುದು, ಭಾರವನ್ನು ಕೂರುವ ಎರಡು ಎಲುಬುಗಳ ಸುತ್ತ ಹರಡುವುದು. ದಪ್ಪ ಎಷ್ಟು ಎನ್ನುವುದು ಇವೆಲ್ಲ ಆದ ಮೇಲಿನ ಮಾತು.

ಕುರು ಏಳುವ ಬಗೆ ಹೀಗೆ. ನಿಮಿಷಕ್ಕೆ 80ರಿಂದ 90 ಸುತ್ತು ಪೆಡಲ್ ತುಳಿದರೆ ಗಂಟೆಗೆ ಸುಮಾರು ಐದು ಸಾವಿರ ಸಲ ತೊಡೆಸಂದು ಸೀಟಿಗೆ ಉಜ್ಜುತ್ತದೆ. ನೆನೆದ ಚರ್ಮ ಮೆತ್ತಗಾಗಿರುತ್ತದೆ, ಬೇಗ ತರಚುತ್ತದೆ. ತರಚಿದ ಜಾಗದಲ್ಲಿ, ಇಲ್ಲವೇ ಕೂದಲಿನ ಬುಡದಲ್ಲಿ, ನಮ್ಮ ಚರ್ಮದ ಮೇಲೆ ಸದಾ ಇರುವ ಬ್ಯಾಕ್ಟೀರಿಯಾ ಒಳಹೊಕ್ಕರೆ ಗುಳ್ಳೆ. ಅದು ಆಳಕ್ಕಿಳಿದರೆ ಕೀವು ತುಂಬಿದ ಕುರು. ಬಳ್ಳಾರಿ, ರಾಯಚೂರು, ಕೊಪ್ಪಳದ ಒಣಹವೆಯಲ್ಲಿ ಇನ್ನೊಂದು ತೊಂದರೆ ಇದೆ. ತೋಳು, ಬೆನ್ನಿನ ಬೆವರು ಗಾಳಿಗೆ ಆರಿಹೋಗುವುದರಿಂದ ಮೈಯೆಲ್ಲ ಒಣಗಿದೆ ಅನ್ನಿಸುತ್ತದೆ. ಸೀಟಿನ ಮೇಲಿನ ಭಾಗಕ್ಕೆ ಮಾತ್ರ ಗಾಳಿಯೇ ಆಡುವುದಿಲ್ಲ. ಪ್ಯಾಡಿನ ಅಂಚಿನಲ್ಲಿ ಬೆವರು ಆರಿ ಉಳಿದ ಉಪ್ಪು ತೊಡೆಗೆ ಮರಳಿನಂತೆ ಉಜ್ಜುತ್ತದೆ. ತೋರಣಗಲ್ಲು, ಸಂಡೂರಿನ ಕಡೆ ಅದಿರು ಲಾರಿ ಓಡಾಡುವ ರಸ್ತೆಯಾದರೆ ಅದರ ಜೊತೆಗೆ ಕೆಂಪು ಧೂಳು. ಹತ್ತುವ ಮುಂಚೆ ಸೀಟನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಅರ್ಧ ನಿಮಿಷದ ಕೆಲಸ, ಬಿಡಬೇಡಿ.

ಚಡ್ಡಿಗಿಂತ ಮೊದಲು ಸೀಟು

ಸೀಟಿನ ಎತ್ತರ ತಪ್ಪಿದ್ದರೆ ಎಂಥ ದುಬಾರಿ ಚಡ್ಡಿಯೂ ಉಳಿಸುವುದಿಲ್ಲ. ಗೋಡೆಗೆ ಒರಗಿಸಿದ ಸೈಕಲ್ ಮೇಲೆ ಕುಳಿತು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತನ್ನಿ. ಮೊಣಕಾಲು ನೆಟ್ಟಗಾಗಬೇಕು, ಆದರೆ ಸೊಂಟ ಆ ಕಡೆಗೆ ವಾಲಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲು ತಾನಾಗಿಯೇ 25ರಿಂದ 35 ಡಿಗ್ರಿಯಷ್ಟು ಬಾಗಿ ನಿಲ್ಲುತ್ತದೆ. ಇನ್ನೂ ನಿಖರ ಬೇಕಿದ್ದರೆ ಬರಿಗಾಲಲ್ಲಿ ನಿಂತು ನೆಲದಿಂದ ತೊಡೆಸಂದಿನವರೆಗೆ ಅಳೆದು 0.883ರಿಂದ ಗುಣಿಸಿ. ಅಳತೆ 80 ಸೆಂ.ಮೀ. ಇದ್ದರೆ ಉತ್ತರ 70.6 ಸೆಂ.ಮೀ.; ಪೆಡಲ್ ತೋಳುಗಳು ತಿರುಗುವ ಅಚ್ಚಿನ (ಕ್ರ್ಯಾಂಕಿನ) ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ದೂರ. ಇದು ಶುರುವಿಗೆ ಒಂದು ಗುರುತು, ಶಿಲಾಶಾಸನವೇನಲ್ಲ. ಅಲ್ಲಿಂದ ಮೂರು ನಾಲ್ಕು ಮಿ.ಮೀ. ಆಚೀಚೆ ಮಾಡಿ ನೋಡಬಹುದು. ಹಿಂದಿನಿಂದ ಗೆಳೆಯರೊಬ್ಬರು ಗಮನಿಸಲಿ. ತುಳಿಯುವಾಗ ಸೊಂಟ ಎಡಕ್ಕೂ ಬಲಕ್ಕೂ ತೂಗುತ್ತಿದ್ದರೆ ಸೀಟು ಎತ್ತರವಾಗಿದೆ. ತೊಡೆಸಂದಿನ ತರಚಿಗೆ ಇದೇ ಬಹುಪಾಲು ಕಾರಣ.

ಸೀಟು ಸಮತಟ್ಟಾಗಿರಲಿ, ಹೆಚ್ಚೆಂದರೆ ಮೂಗು, ಅಂದರೆ ಸೀಟಿನ ಮುಂದಿನ ಕಿರಿದಾದ ತುದಿ, ಒಂದೆರಡು ಡಿಗ್ರಿ ಕೆಳಗೆ. ಮೂಗು ಮೇಲೆದ್ದಿದ್ದರೆ ಮುಂಭಾಗದ ನರ, ರಕ್ತನಾಳ ಒತ್ತಿಕೊಂಡು ಜೋಮು ಹಿಡಿಯುತ್ತದೆ. ತೀರಾ ಕೆಳಗಿದ್ದರೆ ಮೈ ಜಾರುತ್ತ ಹೋಗಿ, ಪ್ರತಿ ಸಲ ಹಿಂದೆ ಸರಿಯುವಾಗಲೂ ಚರ್ಮ ಎಳೆಯುತ್ತದೆ. ಗೇರ್ ಸೈಕಲ್ಲಿನ ಸೀಟು ಸಡಿಲಿಸಲು ಸಾಮಾನ್ಯವಾಗಿ 5 ಅಥವಾ 6 ಮಿ.ಮೀ. ಅಲೆನ್ ಕೀ ಸಾಕು. ಹಳೆ ಮಾದರಿಯ ಸೈಕಲ್ಲಿಗೆ 13 ಅಥವಾ 14ರ ಪಾನಾ ಬೇಕು.

ಅಗಲ ನೋಡಲು ರಟ್ಟಿನ ಪೆಟ್ಟಿಗೆಯ ತುಂಡು ಬೇಕು, ಅಲೆಅಲೆಯಾದ ಒಳಪದರ ಇರುವಂಥದ್ದು. ಗಟ್ಟಿ ಮಣೆಯ ಮೇಲೆ ಅದನ್ನಿಟ್ಟು, ತೆಳು ಬಟ್ಟೆಯಲ್ಲಿ ಕುಳಿತು, ಹಿಮ್ಮಡಿ ಎತ್ತಿ ಸ್ವಲ್ಪ ಮುಂದಕ್ಕೆ ಬಾಗಿ. ರಟ್ಟಿನಲ್ಲಿ ಎರಡು ಗುಳಿ ಬೀಳುತ್ತವೆ. ಗುಳಿಗಳ ನಡುಬಿಂದುವಿನ ಅಂತರಕ್ಕೆ 20ರಿಂದ 30 ಮಿ.ಮೀ. ಸೇರಿಸಿದರೆ ಸೀಟಿನ ಅಗಲದ ಅಂದಾಜು ಸಿಗುತ್ತದೆ. ಹೆಂಗಸರಲ್ಲಿ ಈ ಅಂತರ ಸಾಮಾನ್ಯವಾಗಿ ಹೆಚ್ಚು, ಅದಕ್ಕೇ ಹೆಂಗಸರ ಪ್ಯಾಡು ಹಿಂದೆ ಅಗಲ, ಉದ್ದ ಕಡಿಮೆ. ಗಂಡಸರ ಚಡ್ಡಿಯನ್ನೇ ಚಿಕ್ಕ ಸೈಜಿನಲ್ಲಿ ಕೊಂಡರೆ ಎಲುಬು ಪ್ಯಾಡಿನ ಅಂಚಿಗೆ ಬೀಳುತ್ತದೆ. ಮೆತ್ತನೆ ಸೀಟಿಗೆ ಜೆಲ್ ಕವರ್ ಹಾಕಿ, ಮೇಲೆ ದಪ್ಪ ಪ್ಯಾಡ್ ಚಡ್ಡಿ ತೊಟ್ಟವರಿಗೆ ನೋವು ಇನ್ನೂ ಜಾಸ್ತಿ. ಎಲುಬು ಒಳಗಿಳಿದು, ಒತ್ತಡ ಬೀಳಬಾರದ ನಡುಭಾಗಕ್ಕೆ ಬೀಳುತ್ತದೆ.

ಚಡ್ಡಿ ಆರಿಸುವಾಗ

ದಿನಾ ಐದಾರು ಕಿ.ಮೀ. ನೆಟ್ಟಗೆ ಕುಳಿತು ಸ್ಪ್ರಿಂಗ್ ಸೀಟಿನ ಮೇಲೆ ಹೋಗಿಬರುವವರಿಗೆ ಇದು ಬೇಕಾಗಿಯೇ ಇಲ್ಲ. ಸಡಿಲ ಪೈಜಾಮ ಸಾಕು. ಒಂದು ಗಂಟೆ ಮೀರಿದರೆ ಬೇಕು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗಿಬರುವ ಯೋಚನೆ ಇದ್ದರೆ ನೂರು ಕಿ.ಮೀ. ದಾಟುತ್ತದೆ, ಅಲ್ಲಿ ಚಡ್ಡಿಯ ಗುಣ ನಿಜವಾಗಿ ಗೊತ್ತಾಗುತ್ತದೆ.

ಜೀನ್ಸ್ ಬಗ್ಗೆ ಒಂದು ಮಾತು, ಬಳ್ಳಾರಿಯಲ್ಲಿ ಹೇಳಲೇಬೇಕಾದದ್ದು. ಊರಿನ ಜೀನ್ಸ್ ಹೊಲಿಗೆ ಗಟ್ಟಿ, ಅನುಮಾನವಿಲ್ಲ. ಆ ಗಟ್ಟಿತನವೇ ಇಲ್ಲಿ ಕಷ್ಟ. ನಾಲ್ಕು ಹೊಲಿಗೆ ಬಂದು ಕೂಡುವ ಗಂಟು ಸರಿಯಾಗಿ ಸೀಟಿನ ಮೇಲೇ ಬರುತ್ತದೆ. ಸೈಕಲ್ ಚಡ್ಡಿಯಲ್ಲಿ ಫ್ಲಾಟ್‌ಲಾಕ್ ಹೊಲಿಗೆ ಇರಬೇಕು, ಅಂದರೆ ಎರಡು ಬಟ್ಟೆಯ ಅಂಚುಗಳು ಒಂದರ ಪಕ್ಕ ಒಂದು ಮಲಗಿದಂತೆ ಕೂಡಿ, ಒಳಗಡೆ ಉಬ್ಬು ಬರದಂತೆ. ಚಡ್ಡಿ ತಿರುವಿಹಾಕಿ ಬೆರಳಾಡಿಸಿ ನೋಡಿ. ಪ್ಯಾಡಿನ ಸುತ್ತ ಓಡುವ ಹೊಲಿಗೆ ತೊಡೆಸಂದಿನ ಮಡಿಕೆಯ ಮೇಲೆ ಬರುವಂತಿದ್ದರೆ ಅದನ್ನು ಅಲ್ಲೇ ಬಿಟ್ಟುಬನ್ನಿ. ಪ್ಯಾಡಿನ ಅಂಚು ಕತ್ತರಿಸಿದಂತೆ ಒಮ್ಮೆಗೇ ಮುಗಿಯಬಾರದು, ತೆಳುವಾಗುತ್ತ ಬಟ್ಟೆಯಲ್ಲಿ ಸೇರಿಹೋಗಬೇಕು.

ಫೋಮಿನ ಸಾಂದ್ರತೆಯನ್ನು ಒಳ್ಳೆ ತಯಾರಕರು ಚೀಟಿಯಲ್ಲಿ ಬರೆದಿರುತ್ತಾರೆ. ಘನ ಮೀಟರಿಗೆ 60 ಕೆ.ಜಿ. ಆಸುಪಾಸಿನದು ಒಂದೆರಡು ಗಂಟೆಯ ಸವಾರಿಗೆ; ಎಲುಬು ಕೂರುವ ಜಾಗದಲ್ಲಿ 80ರಿಂದ 120ರವರೆಗಿನದು ದೂರದ ಸವಾರಿಗೆ. 200 ಕಿ.ಮೀ. ಬ್ರೆವೆಯಲ್ಲಿ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಸಮಯದ ಮಿತಿಯೇ ಹದಿಮೂರೂವರೆ ಗಂಟೆ, ಅಲ್ಲಿ ಎರಡನೆಯ ಬಗೆಯೇ ಬೇಕು. ಚೀಟಿ ಇಲ್ಲದಿದ್ದರೆ ದಪ್ಪ ಭಾಗವನ್ನು ಎರಡು ಬೆರಳ ನಡುವೆ ಜೋರಾಗಿ ಹಿಸುಕಿ: ಬೆರಳುಗಳು ಹೆಚ್ಚುಕಡಿಮೆ ಕೂಡಿಬಿಟ್ಟರೆ ಅದು ಉಳಿಯುವ ಫೋಮ್ ಅಲ್ಲ. ನಮ್ಮ ಸೆಕೆಗೆ ತೆಳುವಾದ, ಒತ್ತಾದ ಪ್ಯಾಡೇ ಮೇಲು. ದಪ್ಪ ಪ್ಯಾಡು ನೆನೆದರೆ ದಾರಿಯುದ್ದಕ್ಕೂ ಒಣಗುವುದಿಲ್ಲ.

ಹಾಕಿ ನೋಡುವಾಗ ಕನ್ನಡಿ ಮುಂದೆ ನೆಟ್ಟಗೆ ನಿಂತು ತೀರ್ಮಾನ ಮಾಡಬೇಡಿ. ಹ್ಯಾಂಡಲ್ ಹಿಡಿದಂತೆ ಬಾಗಿ, ಒಂದು ಕಾಲು ಎತ್ತಿ ಇಳಿಸಿ. ಪ್ಯಾಡು ಮೈಗೆ ಅಂಟಿಕೊಂಡೇ ಇರಬೇಕು. ಅದನ್ನು ಹಿಡಿದು ಜಗ್ಗಿದರೆ ಚರ್ಮದ ಮೇಲೆ ಜಾರುತ್ತಿದ್ದರೆ ಸೈಜು ದೊಡ್ಡದು. ಎರಡು ಸೈಜಿನ ನಡುವೆ ಸಿಕ್ಕಿಕೊಂಡರೆ, ಉಸಿರು ಹಿಡಿಯದಿದ್ದರೆ, ಚಿಕ್ಕದನ್ನೇ ತೆಗೆದುಕೊಳ್ಳಿ, ಲೈಕ್ರಾ ಹಿಗ್ಗುತ್ತದೆ. ಭುಜದ ಪಟ್ಟಿ ಇರುವ ಬಿಬ್ ಚಡ್ಡಿಯಲ್ಲಿ ಸೊಂಟದ ಎಲಾಸ್ಟಿಕ್ ಹೊಟ್ಟೆ ಕೊಯ್ಯುವುದಿಲ್ಲ, ಪ್ಯಾಡೂ ಜಾಗ ಬಿಡುವುದಿಲ್ಲ. ಆದರೆ ದಾರಿಯಲ್ಲಿ ಮೂತ್ರಕ್ಕೆ ಹೋಗುವುದು ಹೆಂಗಸರಿಗೆ ತೊಡಕು. ಆನ್‌ಲೈನಿನಲ್ಲಿ ತರಿಸುವವರು ವಾಪಸ್ ಕೊಡುವ ನಿಯಮ ಮೊದಲೇ ಓದಿಕೊಳ್ಳಿ. ಒಳಉಡುಪಿನ ಲೆಕ್ಕದಲ್ಲಿ ಸೇರಿಸಿ ವಾಪಸ್ ಪಡೆಯದವರು ಇದ್ದಾರೆ.

ಒಳಗೆ ಬೇರೇನೂ ತೊಡಬಾರದು. ಇದನ್ನು ಒಪ್ಪಿಸುವುದೇ ಕಷ್ಟ. ಕಾಟನ್ ಒಳಚಡ್ಡಿ ಬೆವರು ಹೀರಿ ಹಾಗೇ ಇಟ್ಟುಕೊಳ್ಳುತ್ತದೆ, ಅದರ ಎಲಾಸ್ಟಿಕ್ಕು ತೊಡೆಸಂದಿಗೇ ಬರುತ್ತದೆ, ಪ್ಯಾಡಿಗೆ ಕೊಟ್ಟ ದುಡ್ಡು ದಂಡ. ಲೈಕ್ರಾ ಹಾಕಿಕೊಂಡು ಊರಲ್ಲಿ ಹೋಗಲು ಸಂಕೋಚವಾದರೆ ಮೇಲೆ ತೆಳುವಾದ ಸಡಿಲ ಬರ್ಮುಡಾ ಅಥವಾ ಟ್ರ್ಯಾಕ್ ಪ್ಯಾಂಟ್ ಹಾಕಿ. ಕುರ್ತಾ, ಪ್ಯಾಂಟಿನ ಒಳಗೆ ತೊಡುವಂಥ ತೆಳು ಲೈನರ್ ಚಡ್ಡಿಗಳೂ ಸಿಗುತ್ತವೆ.

ಹಚ್ಚುವುದು, ಓಡಿಸುವುದು

ಎರಡು ಗಂಟೆ ಮೀರುವ ಸವಾರಿಗೆ ಉಜ್ಜಾಟ ತಗ್ಗಿಸುವ ಕ್ರೀಮ್ ಒಳ್ಳೆಯದು. ಒಂದು ರೂಪಾಯಿ ನಾಣ್ಯದಗಲ ತೆಗೆದುಕೊಂಡು ತೊಡೆಸಂದಿನ ಎರಡೂ ಮಡಿಕೆಗೆ, ಕುಂಡೆಯ ಕೆಳಭಾಗಕ್ಕೆ, ಪ್ಯಾಡಿನ ಅಂಚು ತಾಗುವ ಕಡೆಗೆ ಸವರಿ. ಕೊಬ್ಬರಿ ಎಣ್ಣೆ ಗಂಟೆಯೊಳಗಿನ ಸವಾರಿಗೆ ನಡೆಯುತ್ತದೆ, ಆಮೇಲೆ ಬಟ್ಟೆಗೆ ಇಳಿದುಹೋಗುತ್ತದೆ. ಪೆಟ್ರೋಲಿಯಂ ಜೆಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಪ್ಯಾಡಿನಿಂದ ತೊಳೆದು ತೆಗೆಯುವುದು ಹರಸಾಹಸ. ಬೇಸಿಗೆಯಲ್ಲಿ ಮನೆಮನೆಯಲ್ಲಿ ಇರುವ ಬೆವರುಸಾಲೆ ಪೌಡರನ್ನು ಇದಕ್ಕೆ ಬಳಸಬೇಡಿ: ಬೆವರು ಸೇರಿದರೆ ಹಿಟ್ಟು ಕಲಸಿದಂತಾಗುತ್ತದೆ, ತರಚಿದ ಕಡೆ ಮೆಂಥಾಲ್ ಉರಿಯುತ್ತದೆ. ಅಲ್ಲಿನ ಕೂದಲನ್ನು ಬ್ಲೇಡಿನಿಂದ ಬೋಳಿಸಬೇಡಿ. ಮತ್ತೆ ಬೆಳೆಯುವ ಕೂದಲು ಒಳಮುಖವಾಗಿ ತಿರುಗಿ ಗುಳ್ಳೆ ಏಳುತ್ತದೆ. ಉದ್ದವಾಗಿದ್ದರೆ ಕತ್ತರಿಯಿಂದ ಸಣ್ಣಗೆ ಮಾಡಿ, ಸಾಕು.

ಟೈರಿಗೆ ಕಲ್ಲಿನಂತೆ ಗಾಳಿ ತುಂಬಿಸುವ ರೂಢಿ ಬಿಡಿ. 28 ಮಿ.ಮೀ. ಟೈರು, 70 ಕೆ.ಜಿ. ತೂಕದ ಸವಾರ ಎಂದರೆ 70 ಪಿಎಸ್‌ಐ ಆಸುಪಾಸು ಸಾಕು. ನೂರು ತುಂಬಿಸಿದರೆ ಡಾಂಬರಿನ ಪ್ರತಿ ಕಲ್ಲೂ ಎಲುಬಿಗೆ ಬರುತ್ತದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸೀಟಿನಿಂದ ಎದ್ದು ಇಪ್ಪತ್ತು ಮೂವತ್ತು ಸುತ್ತು ನಿಂತು ತುಳಿಯಿರಿ, ಒತ್ತಿದ ಜಾಗಕ್ಕೆ ರಕ್ತ ಹರಿಯುತ್ತದೆ. ಸಿರುಗುಪ್ಪ, ಸಿಂಧನೂರಿನ ಕಡೆಯ ಬಯಲು ರಸ್ತೆಯಲ್ಲಿ ಏರೂ ಇಲ್ಲ ಇಳಿಜಾರೂ ಇಲ್ಲ, ಏಳುವ ನೆನಪೇ ಆಗುವುದಿಲ್ಲ. ಊರು ಬಂದಾಗಲೆಲ್ಲ ಬರುವ ಹಂಪುಗಳನ್ನೇ ಗಂಟೆ ಅಂದುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಐದೂವರೆಗೆ ಹೊರಟು ಎಂಟರೊಳಗೆ ಮನೆ ಸೇರುವುದು ಚರ್ಮಕ್ಕೂ ಒಳ್ಳೆಯದು.

ನಿಜವಾದ ಹಾನಿ ಆಗುವುದು ಸವಾರಿ ಮುಗಿದ ಮೇಲೆ. ನೆನೆದ ಚಡ್ಡಿಯಲ್ಲೇ ಹೋಟೆಲಿನಲ್ಲಿ ಕುಳಿತು ಒಗ್ಗರಣಿ, ಮಿರ್ಚಿ, ಎರಡು ಚಹಾ ಮುಗಿಸುವಷ್ಟರಲ್ಲಿ ಬ್ಯಾಕ್ಟೀರಿಯಾಕ್ಕೆ ಬೇಕಾದ ತೇವ, ಬಿಸಿ ಎರಡೂ ಸಿಕ್ಕಿರುತ್ತವೆ. ಮೊದಲು ಮನೆಗೆ ಹೋಗಿ ಚಡ್ಡಿ ಕಳಚಿ, ಮೃದು ಸೋಪಿನಿಂದ ತೊಳೆದು, ಒತ್ತಿ ಒರೆಸಿ, ಸಡಿಲ ಕಾಟನ್ ಬಟ್ಟೆ ತೊಡಿ.

ತೊಳೆಯುವುದು

ಒಂದು ಸವಾರಿಗೆ ಒಂದು ಸಲ ತೊಟ್ಟದ್ದನ್ನು ತೊಳೆಯದೆ ಮತ್ತೆ ತೊಡಬೇಡಿ. ವಾರಕ್ಕೆ ಮೂರು ನಾಲ್ಕು ದಿನ ಓಡಿಸುವವರಿಗೆ ಎರಡು ಚಡ್ಡಿ ಬೇಕು. ಬೋರ್‌ವೆಲ್ಲಿನ ಗಡಸು ನೀರಿಗೆ ಬಟ್ಟೆ ಸೋಪು ನೊರೆ ಬರುವುದಿಲ್ಲ, ಬಿಳಿ ಜಿಗುಟಾಗಿ ಪ್ಯಾಡಿನಲ್ಲಿ ಉಳಿಯುತ್ತದೆ, ಮರುದಿನ ಬೆವರಿನ ಜೊತೆ ಸೇರಿ ಚರ್ಮ ಕೆರಳಿಸುತ್ತದೆ. ಆದ್ದರಿಂದ ದ್ರವ ಡಿಟರ್ಜೆಂಟ್ ಅರ್ಧ ಮುಚ್ಚಳ, ತಣ್ಣೀರು, ಒಳಭಾಗ ಹೊರಗೆ ಮಾಡಿ ಹತ್ತು ನಿಮಿಷ ನೆನೆಸಿ, ಕೈಯಿಂದ ಹಿಂಡಿ, ಎರಡು ಮೂರು ಸಲ ಜಾಲಿಸಿ. ಬ್ರಷ್, ಬ್ಲೀಚ್, ಬಟ್ಟೆ ಮೆತ್ತಗಾಗಿಸುವ ಕಂಫರ್ಟ್ ಥರದ ದ್ರವ ಬೇಡ. ಕೊನೆಯದು ಬೆವರು ಎಳೆಯುವ ಗುಣವನ್ನೇ ಮುಚ್ಚಿಹಾಕುತ್ತದೆ. ನಮ್ಮ ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ, ಲೈಕ್ರಾ ಕೂಡ ಅಷ್ಟೇ ಬೇಗ ಜೀವ ಕಳೆದುಕೊಳ್ಳುತ್ತದೆ. ಗಾಳಿಯಾಡುವ ನೆರಳಿನಲ್ಲಿ ಪ್ಯಾಡು ಮೇಲ್ಮುಖವಾಗಿ ಇಡಿ. ಹೊರಗೆ ಒಣಗಿದಂತೆ ಕಂಡರೂ ಪ್ಯಾಡನ್ನು ಮಡಚಿ ಹಿಸುಕಿ, ಒಳಗೆ ತಣ್ಣಗಿದ್ದರೆ ಇನ್ನೂ ಬಿಡಿ.

ಆಗಿಯೇ ಬಿಟ್ಟರೆ

ಹೊಸಬರಿಗೆ ಮೊದಲ ಎರಡು ವಾರ ಕೂರುವ ಎಲುಬು ನೋಯುವುದು ಕುರು ಅಲ್ಲ, ರೂಢಿಯಾದಂತೆ ಹೋಗುತ್ತದೆ. ಚರ್ಮ ಕೆಂಪಾಗಿ ಉರಿಯುತ್ತಿದ್ದರೆ ಒಂದೆರಡು ದಿನ ಸೈಕಲ್ ಬಿಟ್ಟು, ಜಿಂಕ್ ಆಕ್ಸೈಡ್ ಇರುವ ಮುಲಾಮು ತೆಳುವಾಗಿ ಹಚ್ಚಿ. ಗಟ್ಟಿ ಗುಳ್ಳೆ ಎದ್ದಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು 10ರಿಂದ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡಿ. ಹಿಸುಕಬೇಡಿ, ಸೂಜಿ ಚುಚ್ಚಬೇಡಿ. ಕೀವು ಒಳಕ್ಕೇ ಹರಡುತ್ತದೆ.

ತುರಿಕೆ ಹೆಚ್ಚು, ಉಂಗುರದಂತೆ ಅಂಚು ಹರಡುತ್ತಿದೆ ಎಂದರೆ ಅದು ಗಜಕರ್ಣ, ಶಿಲೀಂಧ್ರದ ಸೋಂಕು. ಇಲ್ಲಿ ದೊಡ್ಡ ಎಡವಟ್ಟಾಗುವುದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ, ಶಿಲೀಂಧ್ರದ ಔಷಧ, ಬ್ಯಾಕ್ಟೀರಿಯಾದ ಔಷಧ, ಸ್ಟೀರಾಯ್ಡ್ ‘ಮೂರೂ ಸೇರಿದ’ ಮುಲಾಮಿನಿಂದ. ಅದರಲ್ಲಿರುವ ಸ್ಟೀರಾಯ್ಡ್ ಎರಡು ದಿನ ತುರಿಕೆ ಅಡಗಿಸಿ ಸೋಂಕನ್ನು ಒಳಗೇ ಬೆಳೆಸುತ್ತದೆ, ಚರ್ಮವನ್ನೂ ತೆಳುವಾಗಿಸುತ್ತದೆ. ಜ್ವರ ಬಂದರೆ, ಕೆಂಪು ಹರಡುತ್ತಿದ್ದರೆ, ಗುಳ್ಳೆ ಮೂರು ನಾಲ್ಕು ದಿನದಲ್ಲಿ ಇಳಿಯದಿದ್ದರೆ ಚರ್ಮರೋಗ ವೈದ್ಯರಿಗೆ ತೋರಿಸಿ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ ಹೋಗಬಹುದು. ಸಕ್ಕರೆ ಕಾಯಿಲೆ ಇರುವವರು ಮೊದಲ ದಿನವೇ ಹೋಗಬೇಕು.

ವಾಸಿಯಾದ ಮೇಲೆ ಮತ್ತೆ ಅದೇ ಜಾಗದಲ್ಲಿ, ಅದೂ ಒಂದೇ ಬದಿಯಲ್ಲಿ ಏಳುತ್ತಿದ್ದರೆ ಕ್ರೀಮ್ ಬದಲಿಸಿ ಪ್ರಯೋಜನವಿಲ್ಲ. ಸೀಟಿನ ಮೂಗು ಸೈಕಲ್ ಫ್ರೇಮಿನ ಮೇಲಿನ ಕೊಳವೆಗೆ ನೇರವಾಗಿದೆಯೇ ದಾರ ಹಿಡಿದು ನೋಡಿ. ಸೀಟಿನ ಕೆಳಗಿನ ಕಂಬಿ ಒಂದು ಕಡೆ ಬಾಗಿದೆಯೇ ನೋಡಿ. ಚಡ್ಡಿಯನ್ನು ಬೆಳಕಿಗೆ ಹಿಡಿದಾಗ ಆ ಬದಿಯ ಬಟ್ಟೆ ಪಾರದರ್ಶಕವಾಗಿದ್ದರೆ, ಫೋಮ್ ಒತ್ತಿದ ಮೇಲೆ ಮೇಲೇಳದಿದ್ದರೆ, ಅದರ ಆಯುಸ್ಸು ಮುಗಿದಿದೆ. ಇವೆಲ್ಲ ಸರಿಯಿದ್ದರೆ ಒಂದು ಕಾಲು ಕೆಲವು ಮಿ.ಮೀ. ಗಿಡ್ಡ ಇರಬಹುದು. ಗಿಡ್ಡ ಕಾಲು ಪೆಡಲ್ ಮುಟ್ಟಲು ಸೊಂಟ ಆ ಕಡೆಗೇ ವಾಲಿ ಉಜ್ಜುತ್ತದೆ. ಆ ಕಾಲಿನ ಬೂಟಿನ ಕೆಳಗೆ, ಕ್ಲೀಟ್ (ಬೂಟನ್ನು ಪೆಡಲಿಗೆ ಸಿಕ್ಕಿಸುವ ತುಂಡು) ಇದ್ದರೆ ಅದಕ್ಕೂ ಬೂಟಿಗೂ ನಡುವೆ, 2 ಮಿ.ಮೀ. ಬಿಲ್ಲೆ ಸೇರಿಸಿ ಒಂದು ವಾರ ಓಡಿಸಿ ನೋಡಿ.