ಬ್ಯಾಟರಿ ಊದಿದ ಟ್ಯಾಬನ್ನು ಮನೆಯಲ್ಲೇ ಸರಿ ಮಾಡಿದ್ದು

ಟ್ಯಾಬ್‌ನ ಹೊರಗಡೆ ಎಲ್ಲೂ ಒಂದು ಸ್ಕ್ರೂ ಕಾಣುವುದಿಲ್ಲ. ಮಿಕ್ಸಿ, ರೇಡಿಯೋ, ಪಂಪ್‌ಸೆಟ್ಟಿನ ಸ್ಟಾರ್ಟರ್, ತೋಟದ ಮನೆಯಲ್ಲಿ ಕೆಡುವ ಬೇರೆ ಯಾವುದನ್ನು ತಿರುಗಿಸಿ ನೋಡಿದರೂ ಸ್ಕ್ರೂಡ್ರೈವರ್ ಇಡೋಕೆ ಎಲ್ಲೋ ಒಂದು ಜಾಗ ಸಿಗುತ್ತದೆ. ಟ್ಯಾಬ್‌ನಲ್ಲಿ ಹತ್ತು ಇಂಚಿನ ತೆಳು ಗಾಜು, ಅದರ ಸುತ್ತ ಅಂಟು, ಅಷ್ಟೇ. ರಿಪೇರಿಯ ಮುಕ್ಕಾಲು ಪಾಲು ಕಷ್ಟ ಅದನ್ನು ಬಿಚ್ಚೋದರಲ್ಲೇ ಇದೆ. ಒಳಗಿನ ಕೆಲಸ ಮೊಬೈಲಿಗಿಂತ ಸುಲಭ, ಯಾಕೆಂದರೆ ಜಾಗ ಜಾಸ್ತಿ. ಅದಕ್ಕೇ ಬಿಚ್ಚುವ ಮೊದಲು ಏನೇನು ನೋಡಬೇಕು ಅನ್ನೋದನ್ನೇ ಇಲ್ಲಿ ಜಾಸ್ತಿ ಹೇಳುತ್ತೇನೆ.

ನಮ್ಮ ತೋಟ ಇರೋದು ಕೊಡಗಿನ ಮಾದಾಪುರದ ಹತ್ತಿರ. ಕೆಲಸದವರ ಹಾಜರಿ, ಕುಯ್ಲಿನ ಲೆಕ್ಕ, ಗೊಬ್ಬರದ ಬಿಲ್ಲಿನ ಫೋಟೋ, ಎಲ್ಲ ಈ ಟ್ಯಾಬ್‌ನಲ್ಲೇ ಇದೆ. ಮಳೆ ಲೆಕ್ಕವೂ ಇದೆ. ಕೊಡಗಿನ ತೋಟದವರು ಮಳೆಯನ್ನು ಇಂಚು, ಸೆಂಟ್ ಅಂತಲೇ ಬರೆಯೋದು, ನೂರು ಸೆಂಟ್ ಅಂದರೆ ಒಂದು ಇಂಚು. ಅಪ್ಪ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು, ನಾನು ಅದನ್ನೆಲ್ಲ ಟ್ಯಾಬ್‌ಗೆ ಏರಿಸಿ ಮುಂದುವರಿಸಿದ್ದೇನೆ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಜರಿದ ಮೇಲೆ ಆ ಲೆಕ್ಕಕ್ಕೆ ನಮ್ಮ ಮನೆಯಲ್ಲಿ ಬೆಲೆ ಜಾಸ್ತಿಯಾಗಿದೆ. ಮೂರು ದಿನದ ಮಳೆ ಕೂಡಿಸಿ ನೋಡದೆ ಯಾರೂ ಮಲಗೋದಿಲ್ಲ. ಹಾಗಾಗಿ ಟ್ಯಾಬ್ ಕೆಟ್ಟರೆ ಹೊಸದು ತರೋಣ ಬಿಡಿ ಅಂತ ಸುಮ್ನೆ ಕೂರುವ ಹಾಗಿರಲಿಲ್ಲ.

ಕೆಟ್ಟಿದ್ದು ಹೀಗೆ. ಮೊದಲು ಚಾರ್ಜ್ ನಿಲ್ಲೋದು ಕಮ್ಮಿಯಾಯಿತು. ಒಮ್ಮೊಮ್ಮೆ ನಲವತ್ತು ಪರ್ಸೆಂಟ್ ತೋರಿಸುತ್ತಿದ್ದಾಗಲೇ ಆಫ್ ಆಗೋದು. ಆಮೇಲೆ ಚಾರ್ಜರ್ ಹಾಕಿದರೂ ಒಮ್ಮೆ ಹಿಡಿಯೋದು, ಒಮ್ಮೆ ಬಿಡೋದು. ಕೊನೆಗೆ ಡಿಸ್ಪ್ಲೇಯ ಒಂದು ಅಂಚು ಫ್ರೇಮಿನಿಂದ ಮೇಲೆದ್ದಿದ್ದು ಕಂಡಿತು. ಮೇಜಿನ ಮೇಲೆ ಇಟ್ಟು ಒಂದು ಮೂಲೆ ಒತ್ತಿದರೆ ಅಲ್ಲಾಡುತ್ತಿತ್ತು. ಅಂಚು ಹಾಗೆ ಎದ್ದಿದೆ ಅಂದರೆ ಒಳಗೆ ಬ್ಯಾಟರಿ ಊದಿದೆ ಅಂತಲೇ ಲೆಕ್ಕ. ಮೇಲಿಂದ ಒತ್ತಿ ಕೂರಿಸೋಕೆ ಮಾತ್ರ ದಯವಿಟ್ಟು ಹೋಗಬೇಡಿ. ಆ ಕ್ಷಣದಿಂದಲೇ ಚಾರ್ಜಿಗೆ ಹಾಕೋದನ್ನೂ ನಿಲ್ಲಿಸಿ.

ಲಿಥಿಯಂ ಬ್ಯಾಟರಿಯ ಒಳಗಿನ ರಸಾಯನ ಕೆಟ್ಟು ಗ್ಯಾಸ್ ಆಗುತ್ತದೆ, ಆ ಗ್ಯಾಸ್ ಹೊರಗೆ ಹೋಗೋಕೆ ದಾರಿ ಇಲ್ಲದೆ ಮೇಲಿನ ತೆಳು ಕವರ್ ಉಬ್ಬುತ್ತದೆ. ವಯಸ್ಸು, ಬಿಸಿ, ಯಾವಾಗಲೂ ನೂರು ಪರ್ಸೆಂಟ್‌ನಲ್ಲೇ ಇಡೋದು, ಈ ಮೂರೂ ಸೇರಿದರೆ ಬೇಗ ಊದುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೋ ಗೊತ್ತಿರುವುದಿಲ್ಲ. ಅದಕ್ಕೇ ಕರೆಂಟ್ ಇದ್ದಷ್ಟು ಹೊತ್ತೂ ಎಲ್ಲರ ಮನೆಯಲ್ಲೂ ಮೊಬೈಲ್, ಟ್ಯಾಬ್, ಎಮರ್ಜೆನ್ಸಿ ಲೈಟ್ ಎಲ್ಲ ಚಾರ್ಜಿಗೇ ಅಂಟಿಕೊಂಡಿರುತ್ತವೆ. ಕೊಡಗಿನಲ್ಲಿ ಟ್ಯಾಬ್ ಬ್ಯಾಟರಿ ಊದೋಕೆ ದೊಡ್ಡ ಕಾರಣ ಇದೇ ಅಂತ ನನಗೆ ಅನ್ನಿಸುತ್ತದೆ.

ಮೈಸೂರಿನ ಒಂದು ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದೆ. ಬ್ಯಾಟರಿ ಬೇರೆ, ಡಿಸ್ಪ್ಲೇ ಬೇರೆ ಅಂತ ಇಲ್ಲ, ಬಿಚ್ಚಿದರೆ ಎರಡೂ ಹಾಕಬೇಕಾಗಬಹುದು ಅಂದರು. ಹೇಳಿದ ರೇಟು ಹೊಸ ಟ್ಯಾಬ್ ಬೆಲೆಯ ಅರ್ಧಕ್ಕಿಂತ ಜಾಸ್ತಿ. ಹೋಗಿ ಬರೋಕೆ ಇಡೀ ದಿನ ಬೇಕು. ಸೋಮವಾರಪೇಟೆಯಲ್ಲಿ ಪರಿಚಯದ ಮೊಬೈಲ್ ಅಂಗಡಿ ಹುಡುಗನಿಗೆ ತೋರಿಸಿದೆ.

“ಅಣ್ಣಾ, ಟ್ಯಾಬ್ ನಾನು ಮುಟ್ಟೋದಿಲ್ಲ. ಎತ್ತುವಾಗ ಗ್ಲಾಸ್ ಹೋದ್ರೆ ಇದರ ಕಾಂಬೋ ಎಲ್ಲಿಂದ ತರ್ಲಿ?” ಅಂದ. ಕಾಂಬೋ ಅಂದರೆ ಡಿಸ್ಪ್ಲೇ, ಟಚ್ ಗ್ಲಾಸ್ ಎರಡೂ ಸೇರಿದ ಸೆಟ್.

“ನಾನೇ ಬಿಚ್ತೇನೆ ಮಾರಾಯ, ಸಾಮಾನು ಏನೇನು ಬೇಕು ಹೇಳು” ಅಂದೆ.

ಅವನು ಸಂತೋಷವಾಗಿ ಹೇಳಿದ. ತೆಳು ಪ್ಲಾಸ್ಟಿಕ್ ಓಪನರ್, ಗಿಟಾರ್ ಪಿಕ್ ಥರದ ತ್ರಿಕೋನ, ಸಕ್ಷನ್ ಕಪ್, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಬಿ7000 ಗಮ್, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಬಾಟಲಿ. ಸ್ಕ್ರೂಡ್ರೈವರ್ ಮಾತ್ರ ಒಳ್ಳೆಯದು ತೆಗೆದುಕೊಳ್ಳಿ, ಅಗ್ಗದ್ದರ ತುದಿ ಸವೆದು ಸ್ಕ್ರೂವಿನ ತಲೆಯನ್ನೂ ಹಾಳು ಮಾಡುತ್ತದೆ.

ಇನ್ನೊಂದು ಸಣ್ಣ ಸಾಮಾನು ಇದೆ, ಅದನ್ನು ಎಲ್ಲರೂ ಇಟ್ಟುಕೊಳ್ಳಬೇಕು: ಯುಎಸ್‌ಬಿ ಮೀಟರ್. ಚಾರ್ಜರ್ ಮತ್ತು ಕೇಬಲ್ ಮಧ್ಯೆ ಸಿಕ್ಕಿಸಿದರೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಹೋಗುತ್ತಿದೆ ಅಂತ ತೋರಿಸುತ್ತದೆ. ಟ್ಯಾಬ್ ಬಿಚ್ಚದೆಯೇ ಅರ್ಧ ಕಾಯಿಲೆ ಗೊತ್ತಾಗುತ್ತದೆ. ಮೊದಲು ಚಾರ್ಜರ್ ಬದಲಿಸಿ, ಕೇಬಲ್ ಬದಲಿಸಿ ನೋಡಿ. ಜ್ಯಾಕ್‌ನೊಳಗೆ ಟಾರ್ಚ್ ಬಿಟ್ಟು ನೋಡಿ, ಹತ್ತಿ, ಧೂಳು ತುಂಬಿದ್ದರೆ ಟ್ಯಾಬ್ ಆಫ್ ಮಾಡಿ ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ತೆಗೆಯಿರಿ. ಅಷ್ಟಕ್ಕೇ ಸರಿಯಾಗುವ ಕೇಸುಗಳು ತುಂಬ. ಆಮೇಲೂ ಮೀಟರ್ ಸೊನ್ನೆ ತೋರಿಸಿದರೆ ಜ್ಯಾಕ್ ಅಥವಾ ಅದರ ಸಿಸಿ ಬೋರ್ಡ್ (ಚಾರ್ಜಿಂಗ್ ಜ್ಯಾಕ್ ಕೂರಿಸಿರುವ ಸಣ್ಣ ಬೋರ್ಡ್) ಮೇಲೆ ಅನುಮಾನ. ಒಂದೂವರೆ, ಎರಡು ಆಂಪಿಯರ್ ಸರಿಯಾಗಿ ಎಳೆಯುತ್ತಿದ್ದೂ ಚಾರ್ಜ್ ನಿಲ್ಲದಿದ್ದರೆ ಬ್ಯಾಟರಿ ಮೇಲೆ. ನನ್ನದು ಎರಡೂ ಇತ್ತು. ಅಂಚು ಏಳುವ ಮೊದಲೇ ಮೀಟರ್ ಹಾಕಿ ನೋಡಿದ್ದೆ, ಕೇಬಲ್ ಅಲ್ಲಾಡಿಸಿದರೆ ಓದು ಸೊನ್ನೆಗೆ ಇಳಿದು ಮತ್ತೆ ಏರುತ್ತಿತ್ತು. ಅದು ಜ್ಯಾಕ್ ಸಡಿಲ ಆಗಿರುವ ಗುರುತು.

ಪಾರ್ಟ್ ತರಿಸೋದು ಇಲ್ಲಿ ದೊಡ್ಡ ತಲೆನೋವು. ಟ್ಯಾಬ್‌ನ ಹೆಸರು ನೋಡಿ ಆರ್ಡರ್ ಮಾಡಿದರೆ ಬೇರೆಯೇ ಬರುತ್ತದೆ, ಯಾಕೆಂದರೆ ಒಂದೇ ಹೆಸರಿನಲ್ಲಿ ವೈಫೈದು ಬೇರೆ, ಸಿಮ್‌ದು ಬೇರೆ ಇರುತ್ತದೆ. ಹಿಂದೆ ಬರೆದಿರುವ ಅಥವಾ ಸೆಟ್ಟಿಂಗ್ಸ್‌ನಲ್ಲಿ ಇರುವ ಮಾಡೆಲ್ ನಂಬರ್ ಅಕ್ಷರ ಅಕ್ಷರ ಹೊಂದಬೇಕು. ಬ್ಯಾಟರಿಗೆ ಅದರದ್ದೇ ಕೋಡ್ ಇರುತ್ತದೆ. ಟಚ್ ಗ್ಲಾಸ್ ಬದಲಿಸುವವರು ಅದರ ಸ್ಟ್ರಿಪ್ (ಬೋರ್ಡಿಗೆ ಸೇರಿಸುವ ಪಟ್ಟಿಯಂಥ ತೆಳು ವೈರ್) ಮೇಲೆ ಅಚ್ಚಾಗಿರುವ ನಂಬರ್ ನೋಡಲೇಬೇಕು, ಅಗ್ಗದ ಟ್ಯಾಬ್‌ಗಳಲ್ಲಂತೂ ಕಂಪನಿ ಹೆಸರಿಗಿಂತ ಆ ನಂಬರೇ ಮುಖ್ಯ. ಲಿಥಿಯಂ ಬ್ಯಾಟರಿಯನ್ನು ಬಿಡಿಯಾಗಿ ವಿಮಾನದಲ್ಲಿ ಕಳಿಸೋಕೆ ನಿರ್ಬಂಧ ಇರೋದರಿಂದ ರಸ್ತೆಯಲ್ಲೇ ಬರುತ್ತದೆ, ತಡವಾಗುತ್ತದೆ. ನಮ್ಮ ಪಿನ್‌ಕೋಡ್ ಹಾಕಿದರೆ ಕೆಲವು ಮಾರಾಟಗಾರರು ಕಳಿಸೋದೇ ಇಲ್ಲ. ನಾನು ಕುಶಾಲನಗರದ ನೆಂಟರ ಮನೆ ವಿಳಾಸ ಕೊಟ್ಟು ತರಿಸಿದೆ.

ಹೊಸ ಬ್ಯಾಟರಿ ಬಂದ ಕೂಡಲೇ ಮಲ್ಟಿಮೀಟರ್ ಇಟ್ಟು ನೋಡಿ. 3.7 ವೋಲ್ಟ್ ಆಸುಪಾಸು ಇದ್ದರೆ ಸರಿ. 3 ವೋಲ್ಟ್‌ಗಿಂತ ಕೆಳಗೆ ಬಿದ್ದಿದ್ದರೆ ಅದು ಬಹುಶಃ ವರ್ಷಗಟ್ಟಲೆ ಗೋಡೌನಿನಲ್ಲಿ ಬಿದ್ದಿದ್ದ ಮಾಲು, ವಾಪಸ್ ಕಳಿಸಿ.

ಈಗ ಬಿಚ್ಚುವ ಮಾತು. ಅಂಟು ಮೆತ್ತಗಾಗೋಕೆ ಬಿಸಿ ಬೇಕು, ಅರವತ್ತರಿಂದ ಎಪ್ಪತ್ತು ಡಿಗ್ರಿ. ಎಲ್ಲರೂ ಹೇರ್ ಡ್ರೈಯರ್ ಹಿಡಿಯಿರಿ ಅಂತಾರೆ. ಅದು ಸಾವಿರ ವ್ಯಾಟ್ ಮೇಲೆ ಎಳೆಯುತ್ತದೆ, ಮನೆಯ ಸಣ್ಣ ಯುಪಿಎಸ್ ತಡೆಯುವುದಿಲ್ಲ, ಮಳೆಗಾಲದಲ್ಲಿ ಕರೆಂಟ್ ನಂಬೋ ಹಾಗಿಲ್ಲ. ಅರ್ಧ ಎತ್ತಿದ ಗಾಜನ್ನು ಕೈಯಲ್ಲಿ ಹಿಡಿದುಕೊಂಡಾಗ ಕರೆಂಟ್ ಹೋದರೆ ಅಂಟು ಮತ್ತೆ ಗಟ್ಟಿಯಾಗುತ್ತದೆ, ಗಾಜಿನ ಮೇಲೆ ಎಳೆತ ಬೀಳುತ್ತದೆ. ಜೊತೆಗೆ ಊದಿದ ಬ್ಯಾಟರಿ ಮೇಲೆ ಬಿಸಿಗಾಳಿ ಬಿಡೋದು ಅಪಾಯ. ನಾನು ಬಳಸಿದ್ದು ಹಾಟ್ ವಾಟರ್ ಬ್ಯಾಗ್. ಸೊಂಟ ನೋವಿಗೆ ಅಂತ ಕೊಡಗಿನ ಪ್ರತಿ ಮನೆಯಲ್ಲೂ ಒಂದು ಇರುತ್ತದೆ, ಅಲ್ವಾ. ಕುದಿಯೋ ನೀರು ಬೇಡ, ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತು ಬಿಟ್ಟ ನೀರು ಸಾಕು. ಮುಚ್ಚಳ ಬಿಗಿಯಾಗಿದೆಯಾ ನೋಡಿ, ತೆಳು ಬಟ್ಟೆ ಸುತ್ತಿ, ಗಾಜಿನ ಅಂಚಿನ ಮೇಲೆ ಉದ್ದಕ್ಕೆ ಇಡಿ. ಬ್ಯಾಟರಿ ಇರೋದು ನಡುವೆ, ಅಲ್ಲಿಗೆ ಬಿಸಿ ತಾಗದ ಹಾಗೆ ಅಂಚಿಗೆ ಮಾತ್ರ. ಒಂದೊಂದು ಬದಿಗೂ ಮತ್ತೆ ಮತ್ತೆ ಬಿಸಿ ಮಾಡುತ್ತಾ ಹೋಗಬೇಕು, ಇದಕ್ಕೆ ಅರ್ಜೆಂಟ್ ಮಾಡಿದರೆ ಆಗೋದಿಲ್ಲ.

ಎಲ್ಲ ಟ್ಯಾಬ್ ಮುಂದಿನಿಂದಲೇ ಬಿಚ್ಚುವುದಿಲ್ಲ. ಪ್ಲಾಸ್ಟಿಕ್ ಬೆನ್ನಿನ ಕೆಲವು ಹಿಂದಿನಿಂದ ಕ್ಲಿಪ್ ಬಿಡಿಸಿದರೆ ಸಾಕು. ನಿಮ್ಮ ಮಾಡೆಲ್ ಬಿಚ್ಚುವ ವಿಡಿಯೋ ಹುಡುಕಿ ಒಮ್ಮೆ ಪೂರ್ತಿ ನೋಡಿ. ಸ್ಟ್ರಿಪ್ ಯಾವ ಬದಿಯಲ್ಲಿದೆ, ಬ್ಯಾಟರಿ ಕನೆಕ್ಟರ್ ಎಲ್ಲಿದೆ ಅಂತ ಗೊತ್ತಿರಬೇಕು. ನನ್ನದು ಲೋಹದ ಬೆನ್ನು, ಹಾಗಾಗಿ ಮುಂದಿನಿಂದಲೇ.

ಚಾರ್ಜ್ ಇಪ್ಪತ್ತು ಪರ್ಸೆಂಟ್‌ಗಿಂತ ಕಮ್ಮಿಯಾದ ಮೇಲೆ ಆಫ್ ಮಾಡಿ ಜಗಲಿಗೆ ತಂದೆ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು. ಬ್ಯಾಟರಿಗೆ ಬೆಂಕಿ ಹತ್ತಿದರೆ ಮನೆಯೊಳಗೆ ಇರಬಾರದು ಅಂತ. ಮೊಮ್ಮಕ್ಕಳು ಹತ್ತಿರ ಬರದ ಹಾಗೆ ನೋಡಿಕೊಳ್ಳೋಕೆ ಅಮ್ಮ ಬಾಗಿಲಲ್ಲೇ ಕೂತರು.

ಬ್ಯಾಟರಿ ಎತ್ತಿದ್ದ ಅಂಚಿನಲ್ಲೇ ಪಿಕ್ ತೂರಿಸಿದೆ. ಎರಡು ಮೂರು ಮಿಲಿಮೀಟರ್ ಒಳಗೆ ಹೋದರೆ ಸಾಕು, ಅದಕ್ಕಿಂತ ಆಳಕ್ಕೆ ಹೋದರೆ ಡಿಸ್ಪ್ಲೇ ಅಂಚಿಗೆ ತಾಗಿ ಗೆರೆ ಬರುತ್ತದೆ. ಪಿಕ್ ಸರಿಸಿದ ಕಡೆ ಹಳೇ ಎಕ್ಸ್‌ರೇ ಫಿಲ್ಮಿನ ತುಂಡು ಸಿಕ್ಕಿಸುತ್ತಾ ಹೋದೆ, ಇಲ್ಲದಿದ್ದರೆ ಹಿಂದೆಯೇ ಅಂಟು ಮತ್ತೆ ಹಿಡಿದುಕೊಳ್ಳುತ್ತದೆ. ಸ್ಟ್ರಿಪ್ ಇರುವ ಬದಿಯನ್ನು ಕೊನೆಗೆ ಇಟ್ಟುಕೊಂಡೆ. ಗಾಜು ಬಿಟ್ಟ ಕೂಡಲೇ ಪೂರ್ತಿ ಎತ್ತಬಾರದು. ಪುಸ್ತಕದ ಹಾಳೆ ಮಗುಚಿದ ಹಾಗೆ ಒಂದು ಬದಿಗೆ ಮಗುಚಿ, ಕೆಳಗೆ ಒಂದು ಡಬ್ಬಿ ಆಧಾರ ಕೊಡಬೇಕು. ಸ್ಟ್ರಿಪ್ ಹರಿದರೆ ಅದಕ್ಕೆ ಮನೆಯಲ್ಲಿ ಮದ್ದಿಲ್ಲ.

ಒಳಗೆ ಮೊದಲು ಬಿಚ್ಚಬೇಕಾದ್ದು ಬ್ಯಾಟರಿ ಕನೆಕ್ಟರ್. ಬೇರೆ ಏನನ್ನೂ ಅದಕ್ಕಿಂತ ಮುಂಚೆ ಮುಟ್ಟಬೇಡಿ. ಬ್ಯಾಟರಿ ಇದ್ದ ಹಾಗೆಯೇ ಡಿಸ್ಪ್ಲೇ ಸ್ಟ್ರಿಪ್ ಎಳೆದರೆ ಬ್ಯಾಕ್‌ಲೈಟ್ ಲೈನ್ ಶಾರ್ಟ್ ಆಗಿ ಬೋರ್ಡಿನ ಫ್ಯೂಸ್ ಹಾರಬಹುದು. ಆಮೇಲೆ ಚಿತ್ರ ಇರುತ್ತದೆ, ಬೆಳಕು ಇರುವುದಿಲ್ಲ. ಸ್ಟ್ರಿಪ್ ಕನೆಕ್ಟರ್‌ಗಳಲ್ಲಿ ಕೆಲವಕ್ಕೆ ಕಪ್ಪು ಬಣ್ಣದ ಸಣ್ಣ ಮುಚ್ಚಳ ಇರುತ್ತದೆ, ಅದನ್ನು ಉಗುರಿನಿಂದ ಮೇಲಕ್ಕೆ ಎತ್ತಿದರೆ ಸ್ಟ್ರಿಪ್ ತಾನಾಗಿ ಬರುತ್ತದೆ. ಕೆಲವು ಬಟನ್ ಥರ ಒತ್ತಿ ಕೂರುವಂಥವು, ಅವನ್ನು ನೇರ ಮೇಲಕ್ಕೆ ಎಬ್ಬಿಸಬೇಕು. ಯಾವುದು ಯಾವುದು ಅಂತ ನೋಡದೆ ಬಲ ಹಾಕಬಾರದು. ಸ್ಕ್ರೂಗಳನ್ನು ಒಂದು ಹಾಳೆಯಲ್ಲಿ ಟ್ಯಾಬ್‌ನ ಚಿತ್ರ ಬರೆದು, ತೆಗೆದ ಜಾಗದಲ್ಲೇ ಟೇಪ್ ಹಾಕಿ ಅಂಟಿಸಿದೆ. ಉದ್ದ ಸ್ಕ್ರೂ ಗಿಡ್ಡ ಸ್ಕ್ರೂವಿನ ತೂತಿಗೆ ಹೋದರೆ ಬೋರ್ಡನ್ನೇ ಕೊರೆಯುತ್ತದೆ.

ಊದಿದ ಬ್ಯಾಟರಿ ತೆಗೆಯುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಅದನ್ನು ಕೆಳಗಿನ ತಗಡಿಗೆ ಅಂಟಿಸಿರುತ್ತಾರೆ. ಚಾಕು, ಸ್ಕ್ರೂಡ್ರೈವರ್, ಕಬ್ಬಿಣದ್ದು ಯಾವುದೂ ಹತ್ತಿರ ತರಬಾರದು, ತೂತಾದರೆ ಹೊಗೆ, ಬೆಂಕಿ ಎರಡೂ ಬರಬಹುದು. ಡ್ರಾಪರ್‌ನಲ್ಲಿ ಅಂಚಿಗೆ ಐಪಿಎ ಬಿಟ್ಟು, ಕಾದು, ಮೀನು ಹಿಡಿಯುವ ಗಾಳದ ನೈಲಾನ್ ದಾರವನ್ನು ಅಡಿಗೆ ಹಾಕಿ ಗರಗಸದ ಥರ ಎಳೆದೆ. ಬಗ್ಗಿಸದೆ, ಒತ್ತದೆ. ಬಿಟ್ಟಿತು. ಕೂಡಲೇ ಮರಳಿನ ಬಕೆಟ್ಟಿಗೆ ಹಾಕಿ ಜಗಲಿಯ ಕೊನೆಗೆ ಇಟ್ಟೆ.

ಅದರ ಅಡಿಯಲ್ಲಿ ಕಂಡದ್ದೇ ಕೊಡಗಿನ ಮಳೆಗಾಲ. ಸಿಸಿ ಬೋರ್ಡಿನ ಪಿನ್ನುಗಳ ಸುತ್ತ ಹಸಿರು ಕಿಲುಬು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚಪ್ಪಲಿಗೂ ಬೂಸ್ಟು, ಪುಸ್ತಕಕ್ಕೂ ಬೂಸ್ಟು. ಟ್ಯಾಬ್ ನೀರಿಗೆ ಬೀಳಬೇಕು ಅಂತಿಲ್ಲ, ಗಾಳಿಯಲ್ಲಿರುವ ತೇವಕ್ಕೇ ಜ್ಯಾಕ್ ಕಿಲುಬು ಹಿಡಿಯುತ್ತದೆ. ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ಐಪಿಎ ಹಾಕಿ ಉಜ್ಜಿದರೆ ಮೇಲಿನದು ಹೋಗುತ್ತದೆ. ಐಪಿಎ 99 ಪರ್ಸೆಂಟ್ ಇರಬೇಕು, ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿ ನೀರು ಇರುತ್ತದೆ. ನನ್ನದರಲ್ಲಿ ಪಿನ್ ತಿಂದು ಹೋಗಿತ್ತು. ಸಿಸಿ ಬೋರ್ಡ್ ಬೇರೆ ತುಂಡಾಗಿ, ಸ್ಟ್ರಿಪ್‌ನಿಂದ ಸೇರಿದ್ದರಿಂದ ಹೊಸದು ಹಾಕೋಕೆ ಬೆಸುಗೆ ಬೇಕಾಗಲಿಲ್ಲ. ಜ್ಯಾಕ್ ಮೇನ್ ಬೋರ್ಡಿಗೇ ಬೆಸೆದಿರುವ ಟ್ಯಾಬ್ ಆಗಿದ್ದರೆ ಆ ಬೋರ್ಡನ್ನು ಮಾತ್ರ ಸೋಮವಾರಪೇಟೆ ಹುಡುಗನ ಹತ್ತಿರ ಒಯ್ಯುತ್ತಿದ್ದೆ. ಬಿಚ್ಚಿದ ಬೋರ್ಡಾದರೆ ಅವನೂ ಖುಷಿಯಿಂದ ಮಾಡುತ್ತಾನೆ, ಅವನಿಗೆ ಭಯ ಇರೋದು ಗಾಜಿನದ್ದು.

ಮುಚ್ಚುವ ಮೊದಲು ಎಲ್ಲ ಕನೆಕ್ಟರ್ ಹಾಕಿ, ಆನ್ ಮಾಡಿ, ಟಚ್, ಕ್ಯಾಮೆರಾ, ಸ್ಪೀಕರ್, ಚಾರ್ಜ್ ಎಲ್ಲ ನೋಡಿ. ಗಮ್ ಹಾಕಿದ ಮೇಲೆ ಏನೋ ಬಿಟ್ಟುಹೋಗಿದೆ ಅಂತ ಗೊತ್ತಾದರೆ ಮತ್ತೆ ಬಿಸಿನೀರಿನಿಂದ ಶುರು.

ಗಮ್ ವಿಷಯದಲ್ಲಿ ಮಳೆಗಾಲ ಮತ್ತೆ ಅಡ್ಡ ಬರುತ್ತದೆ. ತೇವ ಇರುವ ಫ್ರೇಮಿಗೆ ಅಂಟು ಹಿಡಿಯುವುದಿಲ್ಲ, ತೇವ ಒಳಗಿಟ್ಟು ಮುಚ್ಚಿದರೆ ಬೆಳಿಗ್ಗೆ ಚಳಿಗೆ ಗಾಜಿನ ಒಳಗೆ ಮಂಜು ಕೂರುತ್ತದೆ. ನಾನು ಬಿಚ್ಚಿದ ಭಾಗಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬದಲ್ಲಿ ರಾತ್ರಿಯೆಲ್ಲ ಇಟ್ಟೆ. ಅಕ್ಕಿ ಡಬ್ಬ ಬೇಡ, ಅಕ್ಕಿ ಅಷ್ಟೇನೂ ತೇವ ಎಳೆಯುವುದಿಲ್ಲ, ಹಿಟ್ಟು ಮಾತ್ರ ಮೆತ್ತಿಕೊಳ್ಳುತ್ತದೆ. ಒಲೆ ಮೇಲಿನ ಅಟ್ಟವೂ ಬೇಡ, ಹೊಗೆ. ಹಳೇ ಅಂಟನ್ನು ಪೂರ್ತಿ ಕೆರೆದು, ಬಿ7000 ತೆಳುವಾಗಿ ಎಳೆದು, ಸ್ವಲ್ಪ ಹೊತ್ತು ಬಿಟ್ಟು ಗಾಜು ಕೂರಿಸಿದೆ. ಮೇಲೆ ಸಮವಾಗಿ ಪುಸ್ತಕಗಳ ಭಾರ. ಇಪ್ಪತ್ತನಾಲ್ಕು ಗಂಟೆ ಸಾಕು ಅಂತಾರೆ, ಇಲ್ಲಿಯ ಹವೆಗೆ ಎರಡು ದಿನ ಬಿಡೋದು ಒಳ್ಳೆಯದು.

ಪುರುಸೊತ್ತು ಇದ್ದರೆ ಈ ಕೆಲಸವನ್ನು ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳಿ. ಆಗ ಗಾಳಿ ಒಣಗಿರುತ್ತದೆ. ಆದರೆ ಆ ಚಳಿಯಲ್ಲಿ ಉಣ್ಣೆ ಸ್ವೆಟರ್ ಹಾಕಿಕೊಂಡು ಬೋರ್ಡ್ ಮುಟ್ಟಬೇಡಿ. ಬಟ್ಟೆಯಲ್ಲಿ ಕೂರುವ ಸ್ಟ್ಯಾಟಿಕ್‌ಗೆ ಚಿಪ್ ಹೋಗಬಹುದು. ಸ್ವೆಟರ್ ಬಿಚ್ಚಿಟ್ಟು, ಕಬ್ಬಿಣದ ನಲ್ಲಿ ಮುಟ್ಟಿ ಕೂತುಕೊಳ್ಳಿ. ಊದಿದ ಬ್ಯಾಟರಿಯನ್ನು ಮಾತ್ರ ಜನವರಿವರೆಗೆ ಇಟ್ಟುಕೊಂಡು ಕಾಯುವ ಹಾಗಿಲ್ಲ.

ಖರ್ಚು, ಸಾಮಾನೆಲ್ಲ ಸೇರಿ, ಸರ್ವಿಸ್ ಸೆಂಟರ್ ಹೇಳಿದ್ದರ ಮೂರನೇ ಒಂದು ಭಾಗವೂ ಆಗಲಿಲ್ಲ. ಹಣಕ್ಕಿಂತ ನನಗೆ ಸಿಟ್ಟು ಬರಿಸುವುದು ಬೇರೆ. ಎರಡು ಮೂರು ವರ್ಷದಲ್ಲಿ ಸವೆಯುವ ಬ್ಯಾಟರಿಯನ್ನು ಗಾಜಿನ ಕೆಳಗೆ ಅಂಟು ಹಾಕಿ ಹೂತಿಡೋದು ಯಾಕೆ? ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿದೆ, ಕಂಪನಿಗಳು ರಿಪೇರಿ ಮಾಹಿತಿ ಅಲ್ಲಿ ಕೊಡಲಿ ಅಂತ. ಒಳ್ಳೆಯದೇ. ಯುರೋಪಿನಲ್ಲಿ 2027ರ ಫೆಬ್ರವರಿಯಿಂದ ಇಂಥ ಸಾಮಾನುಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವ ಹಾಗಿರಬೇಕು ಅಂತ ಕಾನೂನು ಮಾಡಿದ್ದಾರೆ. ನಮಗೂ ಅಂಥದ್ದೇ ಕಾನೂನು ಬೇಕು, ಸರ್ವಿಸ್ ಸೆಂಟರ್ ದೂರ ಇರುವ ಊರಿನವರಿಗೆ ಎಲ್ಲರಿಗಿಂತ ಮೊದಲು ಬೇಕು.

ಈಗ ಚಾರ್ಜ್ ಎಂಬತ್ತು ಪರ್ಸೆಂಟ್ ಆದರೆ ಪ್ಲಗ್ ತೆಗೆಯುತ್ತೇವೆ. ಮಳೆಗಾಲದಲ್ಲಿ ಬಳಸದಿದ್ದಾಗ ಟ್ಯಾಬ್ ಸಿಲಿಕಾ ಜೆಲ್ ಡಬ್ಬದಲ್ಲೇ ಇರುತ್ತದೆ.

ಹಳೇ ಬ್ಯಾಟರಿಯನ್ನು ಕಸದ ಗುಂಡಿಗೆ ಹಾಕಬೇಡಿ. ತೋಟಗಳಲ್ಲಿ ಆ ಗುಂಡಿಗೆ ಬೆಂಕಿ ಕೊಡೋದು ಮಾಮೂಲು, ಪಾಪ, ಬೆಂಕಿ ಹಾಕುವ ಕೆಲಸದವರಿಗೆ ಒಳಗೆ ಏನಿದೆ ಅಂತ ಗೊತ್ತಿರುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದ್ದು. ನಾನು ಕನೆಕ್ಟರ್‌ಗೆ ಟೇಪ್ ಸುತ್ತಿ, ಒಣ ಮರಳು ತುಂಬಿದ ಡಬ್ಬಿಯಲ್ಲಿಟ್ಟು, ಮೈಸೂರಿಗೆ ನಮ್ಮದೇ ಕಾರಿನಲ್ಲಿ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವವರ ಕೈಗೆ ಕೊಟ್ಟು ಬಂದೆ. ಬಸ್ಸಿನಲ್ಲಿ ಒಯ್ಯಬೇಡಿ.