ಆಯಿಗೆ ನಾಲ್ಕನೇ ಬಟ್ಟಲು, ನನಗೆ ಐದನೆಯದು

ಕಾರವಾರಕ್ಕೆ ಬಂದ ಮೇಲೆ ಮಿಡಿ ಉಪ್ಪಿನಕಾಯಿ ಹಾಕಿ ಮಾರಲು ಶುರು ಮಾಡಿದೆ. ತವರು ಶಿರಸಿ ಕಡೆ, ಸೂಜಿಮೆಣಸು ಅಲ್ಲಿಂದಲೇ ಬರುತ್ತದೆ. ಬಾಟಲಿಯ ಚೀಟಿಯಲ್ಲಿ 'ಖಾರ: 5ಕ್ಕೆ 2' ಅಂತ ಬರೆಯುತ್ತಿದ್ದೆ. ಆ ಎರಡು ನನ್ನ ನಾಲಿಗೆಯ ಲೆಕ್ಕ. ಒಂದು ದಿನ ಗಿರಾಕಿಯೊಬ್ಬರ ಫೋನ್ ಬಂತು. "ನಿಮ್ಮ ಎರಡೇ ಹೀಗಾದರೆ ಐದು ಹೇಗಿದ್ದೀತು ಮಾರಾಯ್ರೇ? ಮಗ ಅತ್ತು ಅತ್ತು ಮಲಗಿದ." ಅದೇ ಉಪ್ಪಿನಕಾಯಿಯನ್ನು ಆಯಿಗೆ ಬಡಿಸಿದೆ. "ಇದ್ರಲ್ಲಿ ಖಾರವೇ ಇಲ್ಲೆ, ಕೂಸೇ" ಅಂದಳು.

ಆಗ ನೆನಪಾಗಿದ್ದು ಸ್ಕೋವಿಲ್. ಅಮೆರಿಕದ ಈ ಔಷಧ ತಜ್ಞ 1912ರಲ್ಲಿ ಮೆಣಸಿನ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳು ಮಾಡುತ್ತಾ ಹೋಗಿ, ರುಚಿ ನೋಡುವವರಿಗೆ ಖಾರ ಗೊತ್ತಾಗದ ಹಂತ ಹುಡುಕಿದ. ಎಷ್ಟು ಖಾರ ಅಂತ ಕೇಳಲಿಲ್ಲ. ಇದೆಯಾ, ಇಲ್ಲವಾ, ಅಷ್ಟೇ. ಜಾಣ!

ನಾನು ಸಕ್ಕರೆ ನೀರಿನ ಬದಲು ಗಂಜಿ ತೆಗೆದುಕೊಂಡೆ. 100 ಗ್ರಾಂ ಗಂಜಿಗೆ 1 ಗ್ರಾಂ ಮೆಣಸಿನ ಪುಡಿ, ಅದು ಮೊದಲ ಬಟ್ಟಲು. ಅದರಲ್ಲಿ ಅರ್ಧ ತೆಗೆದು ಅಷ್ಟೇ ಬರಿ ಗಂಜಿ ಸೇರಿಸಿದರೆ ಎರಡನೆಯದು. ಹೀಗೆ ಹತ್ತು. ರುಚಿ ನೋಡುವುದು ಮಾತ್ರ ಹತ್ತರಿಂದ ಹಿಂದಕ್ಕೆ. ಮೊದಲೇ ಗಟ್ಟಿಯದನ್ನು ನೆಕ್ಕಿದರೆ ನಾಲಿಗೆ ಆ ದಿನಕ್ಕೆ ಹೋಯಿತು ಅಂತಲೇ ಲೆಕ್ಕ. ನಡುನಡುವೆ ಒಂದು ಚಮಚ ಮೊಸರು, ಹತ್ತು ನಿಮಿಷ ಸುಮ್ನೆ ಕೂರುವುದು. ನೀರು ಕುಡಿದು ಪ್ರಯೋಜನವಿಲ್ಲ, ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ. ದಿನಕ್ಕೆ ಒಂದೇ ಮೆಣಸು.

ಬ್ಯಾಡಗಿಯ ಖಾರ ನನಗೆ ಮೊದಲು ತಾಗಿದ್ದು ಐದನೇ ಬಟ್ಟಲಿನಲ್ಲಿ, ಸೂಜಿಮೆಣಸಿನದು ಎಂಟರಲ್ಲೇ. ಆಯಿಗೆ ನಾಲ್ಕು ಮತ್ತು ಏಳು. ಪಕ್ಕದ ಮನೆಯ ಅಕ್ಕನನ್ನೂ ಕೂರಿಸಿದೆ. ಬಂಗಡೆ ಸಾರಿಗೆ ಹಿಡಿ ತುಂಬ ಬ್ಯಾಡಗಿ ಹಾಕುವವರು ಅವರು, ಬಣ್ಣ ನೋಡಿದರೆ ಹೆದರಿಕೆಯಾಗಬೇಕು. ಆದರೆ ಬ್ಯಾಡಗಿಯದು ಬಣ್ಣ ಜಾಸ್ತಿ, ಖಾರ ಕಡಿಮೆ ಅಲ್ವಾ? ಅಕ್ಕನಿಗೆ ಬ್ಯಾಡಗಿ ಆರರಲ್ಲೇ ಗೊತ್ತಾಯಿತು. ಸೂಜಿಮೆಣಸು ಒಂಬತ್ತೋ ಹತ್ತೋ ಅಂತ ಅನುಮಾನ, ಕೊನೆಗೆ ಒಂಬತ್ತು ಅಂದರು.

ಪುಸ್ತಕದಲ್ಲಿ ಬರೆದುಕೊಂಡು ನೋಡಿದರೆ ಬಟ್ಟಲು ಒಬ್ಬೊಬ್ಬರಿಗೆ ಒಂದೊಂದು, ಆದರೆ ನಡುವಿನ ಅಂತರ ಮೂವರಿಗೂ ಮೂರೇ! ಒಂದೊಂದು ಬಟ್ಟಲಿಗೂ ಅರ್ಧವಾಗುವುದರಿಂದ ಮೂರು ಬಟ್ಟಲು ಅಂದರೆ ಎಂಟು ಪಟ್ಟು.

ಅವತ್ತಿನಿಂದ ಐದಕ್ಕೆ ಎಷ್ಟು ಅಂತ ಬರೆಯುವುದನ್ನೇ ಬಿಟ್ಟೆ. ಉಪ್ಪಿನಕಾಯಿಯಲ್ಲಿ ಎಣ್ಣೆ, ಹುಳಿ, ಉಪ್ಪು ಎಲ್ಲ ಸೇರಿ ಖಾರದ ರೀತಿ ಬದಲಾಗುತ್ತದೆ, ಹಾಗಾಗಿ ಬಾಟಲಿಗೇ ಒಂದು ಅಂಕಿ ಕೊಡುವುದು ನನಗೆ ಸರಿ ಕಾಣಲಿಲ್ಲ. ಈಗ ಚೀಟಿಯಲ್ಲಿ ಮೆಣಸಿನ ಹೆಸರು, 'ಬ್ಯಾಡಗಿಗಿಂತ ಮೂರು ಮೆಟ್ಟಿಲು ಮೇಲೆ' ಅನ್ನುವ ಸಾಲು, ಎರಡೇ ಇರುತ್ತದೆ. ಬ್ಯಾಡಗಿ ಯಾವ ಮನೆಯಲ್ಲಿಲ್ಲ ಹೇಳಿ. ಫೋನ್ ಮಾಡಿದ್ದ ಗಿರಾಕಿ ಮತ್ತೆ ಬಂದಿದ್ದರು. ಚೀಟಿ ಓದಿ, ಮಗನಿಗೆ ಬರಿ ಬ್ಯಾಡಗಿಯದು ಒಂದು, ತಮಗೆ ಸೂಜಿಮೆಣಸಿನದು ಎರಡು ಒಯ್ದರು.