ತಕ್ಕಡಿಯ ಮೇಲಿನ ಪಥ್ಯ: ಮಗಳ ಅಪಸ್ಮಾರಕ್ಕೆ ಕೀಟೋಜೆನಿಕ್ ಆಹಾರ ಕೊಟ್ಟ ನನ್ನ ಅನುಭವ

ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮೇಲೂ ಮಗಳ ಫಿಟ್ಸ್ ಹತೋಟಿಗೆ ಬಾರದಿದ್ದಾಗ, ಮೂರನೆಯದರಿಂದ ಫಲ ಸಿಗುವ ಸಾಧ್ಯತೆ ಕಡಿಮೆಯೆಂದು ಹೇಳಿದ ನರರೋಗ ತಜ್ಞರು, ಕೊಬ್ಬು ಬಹಳ ಹೆಚ್ಚು, ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ) ಬಹಳ ಕಡಿಮೆ ಇರುವ ಕೀಟೋಜೆನಿಕ್ ಪಥ್ಯವನ್ನು ಸೂಚಿಸಿದರು. ತೂಕ ಇಳಿಸಲು ಜನ ತಾವಾಗಿಯೇ ಹಿಡಿಯುವ ಪಥ್ಯಕ್ಕೂ ಇದೇ ಹೆಸರಿರುವುದರಿಂದ, ಇದನ್ನೂ ಮನೆಯಲ್ಲೇ ಶುರುಮಾಡಬಹುದೆಂದು ಆಪ್ತರು ಕೆಲವರು ಸಲಹೆ ಕೊಟ್ಟರು. ಆ ಸಲಹೆಯನ್ನು ಕೇಳದೆ ಇದ್ದುದು ಒಳ್ಳೆಯದಾಯಿತು. ಕೊಬ್ಬಿನಾಮ್ಲಗಳನ್ನು ದೇಹ ಬಳಸಿಕೊಳ್ಳಲಾಗದ ಕೆಲವು ಹುಟ್ಟು ದೋಷಗಳಿದ್ದರೆ ಈ ಪಥ್ಯ ಪ್ರಾಣಕ್ಕೇ ಅಪಾಯ. ಆದ್ದರಿಂದ ರಕ್ತ, ಮೂತ್ರಗಳ ಪರೀಕ್ಷೆ ಮುಗಿದ ಮೇಲೆಯೇ ಆಸ್ಪತ್ರೆಯಲ್ಲಿ ಆರಂಭಿಸಿದೆವು.

ಉಪವಾಸವಿದ್ದಾಗ ಸೆಳವು ಕಡಿಮೆಯಾಗುವುದನ್ನು ವೈದ್ಯರು ಬಹುಕಾಲದಿಂದ ಗಮನಿಸಿದ್ದರು. ದೇಹವನ್ನು ಉಪವಾಸದ ಸ್ಥಿತಿಯಲ್ಲಿಟ್ಟೂ ಊಟ ಕೊಡಬಹುದೆಂದು 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಸೂಚಿಸಿದರು. ಕಾರ್ಬೋಹೈಡ್ರೇಟ್ ಸಿಗದಿದ್ದಾಗ ಯಕೃತ್ತು ಕೊಬ್ಬನ್ನು ಒಡೆದು ಕೀಟೋನ್‌ಗಳನ್ನು ತಯಾರಿಸುತ್ತದೆ. ಮೆದುಳು ಗ್ಲೂಕೋಸಿನ ಬದಲು ಬಹುಪಾಲು ಅವುಗಳಿಂದಲೇ ಶಕ್ತಿ ಪಡೆಯುತ್ತದೆ. ಫೆನಿಟಾಯಿನ್‌ನಂಥ ಸೆಳವು ತಡೆಯುವ ಮಾತ್ರೆಗಳು ಬಂದ ಮೇಲೆ ಹಿಂದೆ ಸರಿದಿದ್ದ ಈ ಚಿಕಿತ್ಸೆ 1990ರ ದಶಕದಲ್ಲಿ ಮರಳಿ ಬಳಕೆಗೆ ಬಂತು. 145 ಮಕ್ಕಳನ್ನು ಸೇರಿಸಿಕೊಂಡು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೂರು ತಿಂಗಳ ನಂತರ ಸೆಳವುಗಳು ಅರ್ಧಕ್ಕಿಂತ ಹೆಚ್ಚು ತಗ್ಗಿದ್ದವರು ಪಥ್ಯದ ಗುಂಪಿನಲ್ಲಿ ಶೇ. 38, ಪಥ್ಯವಿಲ್ಲದ ಗುಂಪಿನಲ್ಲಿ ಶೇ. 6. ನನ್ನ ನಿರೀಕ್ಷೆಯನ್ನು ಈ ಅಂಕಿಗಳಿಗೇ ಕಟ್ಟಿಹಾಕಿಕೊಂಡೆ, ಅಂದರೆ ಫಲ ಸಿಗದಿರುವ ಸಾಧ್ಯತೆಗೂ ಸಿದ್ಧಳಾಗಿದ್ದೆ.

ನಮಗೆ ಕೊಟ್ಟದ್ದು ನಾಲ್ಕಕ್ಕೆ ಒಂದರ ಅನುಪಾತ: ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ ಸೇರಿ ಒಂದು ಗ್ರಾಂ ಇದ್ದರೆ ಕೊಬ್ಬು ನಾಲ್ಕು ಗ್ರಾಂ. ದಿನಕ್ಕೆ 1200 ಕ್ಯಾಲೊರಿ ಬೇಕಾದ ಮಗುವಿಗೆ ಇದು 120 ಗ್ರಾಂ ಕೊಬ್ಬು ಮತ್ತು ಉಳಿದೆರಡೂ ಸೇರಿ 30 ಗ್ರಾಂ ಆಗುತ್ತದೆ. ಬೆಳವಣಿಗೆಗೆ 18 ಗ್ರಾಂ ಪ್ರೋಟೀನ್ ತೆಗೆದಿಟ್ಟರೆ ಇಡೀ ದಿನಕ್ಕೆ ಉಳಿಯುವ ಕಾರ್ಬೋಹೈಡ್ರೇಟ್ 12 ಗ್ರಾಂ ಮಾತ್ರ. ಇದನ್ನು ಮೂರು ಊಟಕ್ಕೆ ಸಮನಾಗಿ ಹಂಚಬೇಕು. ಆಹಾರ ತಜ್ಞೆ ಬರೆದುಕೊಟ್ಟ ಪಟ್ಟಿಯಂತೆ ಮೊಟ್ಟೆ, ಕೆನೆ, ಬೆಣ್ಣೆ, ಎಣ್ಣೆ, ತರಕಾರಿ ಎಲ್ಲವನ್ನೂ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗುತ್ತಿದ್ದೆ. ಬಟ್ಟಲಿಗೆ ಅಂಟಿ ಉಳಿಯುವುದು ಹೆಚ್ಚಾಗಿ ಜಿಡ್ಡೇ ಆದ್ದರಿಂದ, ಅದನ್ನು ಬಳಿದು ತಿನ್ನಿಸದಿದ್ದರೆ ಅಷ್ಟು ಹೊತ್ತು ತೂಗಿದ್ದೆಲ್ಲ ವ್ಯರ್ಥ. ಮಗುವಿಗೆ ಇದು ಬೇಸರದ ಕೆಲಸ, ತಾಯಿಗೆ ಇನ್ನೂ ಬೇಸರದ್ದು. ಎಣ್ಣೆಯನ್ನು ಬೇರೆಯಾಗಿ ಕುಡಿಸುವುದಕ್ಕಿಂತ ಬೇಯಿಸಿದ ತರಕಾರಿಯ ಜೊತೆ ನುಣ್ಣಗೆ ಅರೆದು ಬೆರೆಸಿದರೆ ತಕರಾರಿಲ್ಲದೆ ಇಳಿಯುತ್ತದೆಂಬುದನ್ನು ಮಾತ್ರ ಯಾವ ಪಟ್ಟಿಯೂ ಹೇಳಿಕೊಡಲಿಲ್ಲ.

ಊಟಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಊಟವಲ್ಲದ ವಸ್ತುಗಳ ವಿಷಯದಲ್ಲಿ. ಜ್ವರದ ಸಿರಪ್, ಚೀಪುವ ವಿಟಮಿನ್ ಮಾತ್ರೆ, ಅಪಸ್ಮಾರದ್ದೇ ದ್ರವ ಔಷಧಿ, ಇವೆಲ್ಲದರಲ್ಲೂ ಸಕ್ಕರೆ ಇರಬಹುದು. ನಾವು ಸಾಧ್ಯವಾದ ಕಡೆಯೆಲ್ಲ ಮಾತ್ರೆಗೆ ಬದಲಾಯಿಸಿಕೊಂಡೆವು. ತುರ್ತು ಸಂದರ್ಭದಲ್ಲಿ ಬೇರೆ ಆಸ್ಪತ್ರೆಗೆ ಹೋಗಬೇಕಾದರೆ ಅಲ್ಲಿ ಅಭ್ಯಾಸಬಲದಿಂದ ಗ್ಲೂಕೋಸ್ ಡ್ರಿಪ್ ಹಾಕಿಬಿಡಬಹುದಾದ್ದರಿಂದ, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯದ ಹೊರತು ಅದು ಬೇಡವೆಂದು ತಜ್ಞರು ಬರೆದುಕೊಟ್ಟ ಪತ್ರವೊಂದನ್ನು ಸದಾ ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದೆ.

ಮೊದಲ ದಿನಗಳಲ್ಲಿ ವಾಂತಿ, ಮಂಕು ಕಾಣಿಸಿಕೊಂಡವು. ಮಲಬದ್ಧತೆ ಮಾತ್ರ ಇಂದಿಗೂ ಬಿಟ್ಟಿಲ್ಲ. ಮೂತ್ರಪಿಂಡದಲ್ಲಿ ಕಲ್ಲು, ಕೊಲೆಸ್ಟ್ರಾಲ್ ಏರಿಕೆ, ಕುಂಠಿತ ಬೆಳವಣಿಗೆ ಇವು ಬರಬಹುದಾದ ಇತರ ತೊಂದರೆಗಳು. ಹೀಗಾಗಿ ಸಾಕಷ್ಟು ನೀರು, ಕಲ್ಲಾಗುವುದನ್ನು ತಡೆಯಲು ಪೊಟ್ಯಾಸಿಯಂ ಸಿಟ್ರೇಟ್, ಕ್ಯಾಲ್ಸಿಯಂ ಮತ್ತು ಸಕ್ಕರೆಯಿಲ್ಲದ ವಿಟಮಿನ್‌ಗಳು ದಿನಚರಿಗೆ ಸೇರಿದವು, ಎತ್ತರ ತೂಕಗಳನ್ನು ಗುರುತಿಟ್ಟುಕೊಳ್ಳುವುದೂ ಸೇರಿತು.

ಸೆಳವುಗಳ ದಿನಚರಿಯನ್ನು ಪಥ್ಯಕ್ಕೆ ಮುಂಚಿನಿಂದಲೇ ಬರೆದಿಟ್ಟಿದ್ದರಿಂದ ಫಲವನ್ನು ನೆನಪಿನ ಮೇಲೆ ಅಳೆಯಬೇಕಾಗಲಿಲ್ಲ. ಮೂರು ತಿಂಗಳ ಪರೀಕ್ಷಾವಧಿ ಮುಗಿಯುವಷ್ಟರಲ್ಲಿ ಅವು ಅರ್ಧಕ್ಕಿಂತ ಕೆಳಗಿಳಿದಿದ್ದವು, ಬಂದವೂ ಬೇಗ ಮುಗಿಯುತ್ತಿದ್ದವು. ಪೂರ್ತಿ ನಿಲ್ಲಲಿಲ್ಲ. ಜ್ವರ ಬಂದು ಕೀಟೋನ್ ಮಟ್ಟ ಕುಸಿದಾಗ ಮತ್ತೆ ಹೆಚ್ಚುತ್ತಿದ್ದವು. ಔಷಧಿಗಳಲ್ಲಿ ಒಂದನ್ನು ವೈದ್ಯರು ನಿಧಾನವಾಗಿ ನಿಲ್ಲಿಸಿದ ಮೇಲೆ ಅವಳ ಮಂಪರು ಹರಿದು ಪಾಠದ ಕಡೆ ಗಮನ ಬಂದದ್ದು, ನನ್ನ ಎಣಿಕೆಯಲ್ಲಿ, ಸೆಳವು ಇಳಿದದ್ದಕ್ಕೆ ಕಡಿಮೆಯಾದ ಲಾಭವಲ್ಲ.

ಫಲ ಕಂಡವರಲ್ಲಿ ಸಾಮಾನ್ಯವಾಗಿ ಎರಡು ವರ್ಷಗಳ ನಂತರ ಪಥ್ಯವನ್ನು ಬಿಡಿಸುತ್ತಾರೆ. ಒಮ್ಮೆಲೇ ಬಿಟ್ಟರೆ ಸೆಳವುಗಳು ಮರುಕಳಿಸಬಹುದೆಂದು ಅನುಪಾತವನ್ನು ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ತಿಂಗಳುಗಟ್ಟಲೆ ಇಳಿಸುತ್ತಾ ಬರುತ್ತಾರೆ. ನಾವೀಗ ಮೂರರಲ್ಲಿದ್ದೇವೆ, ಇಲ್ಲಿ ಸೆಳವುಗಳು ಹೆಚ್ಚದೆ ನಿಂತರೆ ಮಾತ್ರ ಮುಂದಿನ ಹಂತ.